ಸೊನ್ನೆ ವಸೂಲಿಯ ಶುಕ್ರವಾರಗಳು

ಸ್ಕೂಟರಿನ ಮೀಟರು ಓಡುತ್ತದೆಯೋ ಇಲ್ಲವೋ ಎಂದು ವಿದ್ಯಾಧೀಶ ಮೊದಲು ನೋಡಿದ. ನಮಸ್ಕಾರ ಆಮೇಲೆ ಮಾಡಿದ. ಟಿಕೋಟಾ ಬಸ್ ನಿಲ್ದಾಣದ ಹೊರಗೆ ಬೇವಿನ ಗಿಡದ ಕೆಳಗೆ ಗಾಡಿ ಹಿಡಿದುಕೊಂಡು ನಿಂತಿದ್ದ ನಜಮಾ, ಅವನ ಕಣ್ಣು ಎಲ್ಲಿಗೆ ಹೋಯಿತೆಂಬುದನ್ನು ಕಂಡಳು. ಕಂಡರೂ ಕಾಣದವಳಂತೆ ಓಢಣಿಯ ತುದಿಯಿಂದ ಹಿಂದಿನ ಸೀಟಿನ ಧೂಳು ಒರೆಸಿದಳು. ಮೀಟರು ನಲವತ್ತೊಂದು ಸಾವಿರದ ಆರುನೂರಾ ಎಂಟು ತೋರಿಸುತ್ತಿತ್ತು. ಅವಳೆದುರೇ ಅದನ್ನು ಚೀಟಿಯಲ್ಲಿ ಬರೆದುಕೊಳ್ಳಲು ನಾಚಿಕೆಯಾಗಿ ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡ. ಗಾಡಿ ಇಷ್ಟು ಓಡಿದೆ ಎಂದರೆ ಓಡಿದೆ ಎಂದಷ್ಟೇ ಅರ್ಥ, ಎಲ್ಲಿಗೆ ಓಡಿದೆ ಎಂದು ಮೀಟರು ಹೇಳುವುದಿಲ್ಲವಲ್ಲ. ಇವಳ ತವರು ಹೊನವಾಡವಂತೆ, ಅಲ್ಲಿಗೆ ಓಡಿರಬಹುದು. ವಿಜಯಪುರದ ಇಬ್ರಾಹಿಂಪುರದಲ್ಲಿ ಸುರೈಯಾ ಎಂಬ ಅಕ್ಕ ಇದ್ದಾಳಂತೆ, ಅಲ್ಲಿಗೂ ಓಡಿರಬಹುದು. ಈ ಅಂತೆಗಳನ್ನು ಯಾರೂ ತಾವಾಗಿ ಬಂದು ಅವನಿಗೆ ಹೇಳಿರಲಿಲ್ಲ. ಚಹದಂಗಡಿಯವನನ್ನು, ಪಂಚಾಯಿತಿಯ ಜವಾನನನ್ನು ಮಾತಿಗೆಳೆದು ಅವನೇ ಒಂದೊಂದಾಗಿ ಕೂಡಿಹಾಕಿದ್ದ. ಹೆಂಗಸೊಬ್ಬಳ ತವರು ಯಾವುದು, ಅಕ್ಕನ ಮನೆ ಎಲ್ಲಿ ಎಂದೆಲ್ಲ ಕೇಳುತ್ತ ಕೂತ ತನ್ನನ್ನು ಅವರು ಏನೆಂದುಕೊಂಡರೋ ಎಂಬ ಕಿರಿಕಿರಿ ಈಗ ಬೆಳಗಿನ ಬಿಸಿಲಿನಲ್ಲಿ ಬೆವರಿನ ಜೊತೆಗೇ ಹತ್ತಿತು.

“ಬರ್ರಿ ಸಾಹೇಬ್ರ, ಕುಂಡ್ರ್ರಿ. ಬಿಸಲಾ ಏರೂದ್ರೊಳಗ ಮೂರ ವಸ್ತಿ ಆದ್ರೂ ನೋಡಿ ಬರೂಣು,” ಎಂದಳು ನಜಮಾ.

ಎಲ್ಲ ಶುರುವಾದದ್ದು ಅವನೇ ಮಾಡಿದ ಎರಡು ಕಾಲಮ್ಮಿನ ಪಟ್ಟಿಯಿಂದ. ಇಪ್ಪತ್ತಾರು ವರ್ಷದಿಂದ ಜಿಲ್ಲೆಯ ಗ್ರಾಮ ಪಂಚಾಯಿತಿಗಳ ಲೆಕ್ಕ ತಪಾಸಣೆ ಮಾಡುತ್ತ ಬಂದವನು ವಿದ್ಯಾಧೀಶ. ಹೋದ ತಿಂಗಳು ಪಟ್ಟಿಯ ಎಡಗಡೆ ಬಬಲೇಶ್ವರ ಕಡೆಯ ಮುತ್ತಗನಾಳವನ್ನೂ ಬಲಗಡೆ ಟಿಕೋಟಾದಾಚೆಯ ಜಾಲಗ್ಯಾಳವನ್ನೂ ಬರೆದಿದ್ದ. ಎರಡರಲ್ಲೂ ಹೆಚ್ಚುಕಡಿಮೆ ಎಂಟುನೂರು ಮನೆ, ಅದೇ ತೆರಿಗೆ, ಅದೇ ನೀರಿನ ಕರ. ಆದರೆ ಆಡಳಿತದ ಖರ್ಚು ಮುತ್ತಗನಾಳದಲ್ಲಿ ಮನೆಯೊಂದಕ್ಕೆ ವರ್ಷಕ್ಕೆ ನೂರಾ ಹನ್ನೆರಡು ರೂಪಾಯಿ, ಜಾಲಗ್ಯಾಳದಲ್ಲಿ ಮುನ್ನೂರಾ ನಲವತ್ತು. ಪಟ್ಟಿ ನೋಡಿದ ಮೇಲಿನವರು ಕನ್ನಡಕ ತೆಗೆದಿಟ್ಟು, “ಜಾಲಗ್ಯಾಳದಾಗ ಏನೋ ನಡದದ, ಹಿಡೀರಿ,” ಎಂದಿದ್ದರು. ಅವನು ಹಿಡಿದ. ಮೂರು ದಿನ ಪಂಚಾಯಿತಿಯ ಕೋಣೆಯಲ್ಲಿ ಕೂತು ವೋಚರುಗಳನ್ನು ತಿರುವಿಹಾಕಿದಾಗ ಸಿಕ್ಕಿದ್ದು ಬಿಲ್ ಕಲೆಕ್ಟರ್ ನಜಮಾಳ ಪೆಟ್ರೋಲಿನ ಚೀಟಿಗಳು. ತೋಟದ ವಸ್ತಿಗಳಿಗೆ, ಅಂದರೆ ಹೊಲದಲ್ಲೇ ಮನೆ ಮಾಡಿಕೊಂಡವರ ಒಂಟಿ ಮನೆಗಳಿಗೆ, ಹೋಗಿ ಬಂದದ್ದಕ್ಕೆ ಒಂದು ಸಲಕ್ಕೆ ಎಂಬತ್ತು ರೂಪಾಯಿ. ಮೂರು ವರ್ಷದಿಂದ ಇವತ್ತಿನವರೆಗೆ ಇನ್ನೂರಾ ನಲವತ್ತಾರು ಸಲ. ತಾರೀಖುಗಳನ್ನು ಮನೆಯ ಕ್ಯಾಲೆಂಡರಿನೊಂದಿಗೆ ತಾಳೆ ಹಾಕಿದಾಗ ಅವನ ಎದೆ ಹಿಗ್ಗಿತ್ತು: ಎಲ್ಲವೂ ಮಂಗಳವಾರ, ಇಲ್ಲವೆ ಶುಕ್ರವಾರ. ಅಷ್ಟೇ ಅಲ್ಲ, ಪ್ರತಿಯೊಂದರ ಮುಂದೆಯೂ ವಸೂಲಿ ಸೊನ್ನೆ. ಜನ ಕರ ಕಟ್ಟಿದ್ದೆಲ್ಲ ಉಳಿದ ದಿನಗಳಲ್ಲಿ, ಅದೂ ತಾವೇ ಪಂಚಾಯಿತಿ ಕಚೇರಿಗೆ ಬಂದು. ಹಾಗಾದರೆ ಇವಳು ವಾರಕ್ಕೆರಡು ಸಲ ಹೋಗಿ ತಂದದ್ದೇನು? ಹೋದಳೋ ಇಲ್ಲವೋ? ಹತ್ತೊಂಬತ್ತು ಸಾವಿರದ ಆರುನೂರಾ ಎಂಬತ್ತು ರೂಪಾಯಿಯನ್ನು ಸದರಿ ನೌಕರರಿಂದ ವಸೂಲು ಮಾಡತಕ್ಕದ್ದು ಎಂದು ಆಕ್ಷೇಪಣೆ ಬರೆದ. ಸೋಮವಾರ ಅದು ಮೇಲಕ್ಕೆ ಹೋಗಬೇಕು.

ದುಡ್ಡಷ್ಟೇ ಆಗಿದ್ದರೆ ಅವಳು ಹೇಗೋ ಕಟ್ಟುತ್ತಿದ್ದಳೇನೋ. ಹನ್ನೊಂದು ವರ್ಷ ತಾತ್ಕಾಲಿಕವಾಗಿ ದುಡಿದ ಮೇಲೆ ಅವಳ ಹೆಸರು ಈ ತಿಂಗಳು ಅನುಮೋದನೆಯ ಪಟ್ಟಿಗೆ ಬಂದಿತ್ತು. ಅನುಮೋದನೆ ಸಿಕ್ಕರೆ ನೌಕರಿ ಗಟ್ಟಿ. ಆಕ್ಷೇಪಣೆ ಬಾಕಿ ಇದ್ದವರ ಹೆಸರನ್ನು ಪಟ್ಟಿಯಿಂದ ಕಿತ್ತುಹಾಕುತ್ತಾರೆ, ಆಮೇಲೆ ಆ ಜಾಗಕ್ಕೆ ಇನ್ಯಾರೋ ಬರುತ್ತಾರೆ. ಇದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಆಕ್ಷೇಪಣೆಯ ಪ್ರತಿ ಕೈಗೆ ಬಂದ ದಿನ ಅವಳು ಅತ್ತಿರಲಿಲ್ಲ, ಅವರಿವರ ಕೈಯಲ್ಲಿ ಫೋನು ಮಾಡಿಸಿರಲಿಲ್ಲ. ಮೇಜಿನ ಮುಂದೆ ನಿಂತು, “ಒಂದ ಶುಕ್ರವಾರ ನನ್ನ ಕೂಡ ಬರ್ರಿ ಸಾಹೇಬ್ರ, ಕಣ್ಣಾರೆ ನೋಡ್ರಿ. ಆಮ್ಯಾಲ ಏನರ ಬರೀರಿ,” ಎಂದಿದ್ದಳು. ಅಳದೆ ಇದ್ದದ್ದೇ ಅವನಿಗೆ ಅನುಮಾನ ತಂದಿತ್ತು. ತಪ್ಪು ಮಾಡದವರು ಅಳುತ್ತಾರೆ ಎಂದು ಅವನ ಅನುಭವ. ಅತ್ತಿದ್ದರೆ ತಪ್ಪು ಮಾಡಿದವರು ಅಳುತ್ತಾರೆ ಎಂದು ಅದೇ ಅನುಭವ ಹೇಳುತ್ತಿತ್ತು.

ಗಾಡಿಯ ಮೇಲೆ ಅವಳಿಗೂ ತನಗೂ ನಡುವೆ ಚೀಲ ಇಟ್ಟುಕೊಂಡು ಕೂತ. ಐವತ್ಮೂರು ವರ್ಷದ ಗಂಡಸು, ಕೈಯಲ್ಲಿ ಟಿಫಿನ್ನಿನ ಡಬ್ಬಿ, ಹೆಂಗಸಿನ ಬೆನ್ನ ಹಿಂದೆ. ಪಂಕ್ಚರಿನ ಅಂಗಡಿಯವನು ನೋಡಿದ, ಬಾಳೆಹಣ್ಣಿನವಳು ನೋಡಿದಳು. ಪಂಚಾಯಿತಿಗೆ ಬೇರೆ ಗಾಡಿ ಇಲ್ಲ, ಅಧಿಕಾರಿ ಮೀಟಿಂಗಿಗೆಂದು ವಿಜಯಪುರಕ್ಕೆ ಹೋಗಿದ್ದಾರೆ ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದರು. ಅದೂ ಬೇಕೆಂದೇ ಮಾಡಿದ್ದಿರಬಹುದು. ರಸ್ತೆ ಡಾಂಬರು ಬಿಟ್ಟು ಕೆಂಪು ಗರಸಿಗೆ ಇಳಿಯಿತು. ಎರಡೂ ಕಡೆ ದ್ರಾಕ್ಷಿ ಪಡ, ನಡುನಡುವೆ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ, ಹಸಿರು ಬಲೆ ಹೊದಿಸಿದ ಶೆಡ್ಡುಗಳು, ಎಲ್ಲೋ ದೂರದಲ್ಲಿ ಒಂದು ತಗಡಿನ ಮನೆ, ಅದರಿಂದ ಮತ್ತೆ ಅಷ್ಟೇ ದೂರದಲ್ಲಿ ಇನ್ನೊಂದು. ಮುತ್ತಗನಾಳದಲ್ಲಿ ಮನೆಯ ಗೋಡೆಗೆ ಮನೆಯ ಗೋಡೆ ಹತ್ತಿಕೊಂಡಿತ್ತು. ಅಲ್ಲಿಯ ಬಿಲ್ ಕಲೆಕ್ಟರು ಹಿಟ್ಟಿನ ಗಿರಣಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತು ಒಬ್ಬೊಬ್ಬರ ಹೆಸರು ಕೂಗಿ ಒಂದೇ ಮುಂಜಾನೆಯಲ್ಲಿ ಅರ್ಧ ಊರಿಗೆ ನೋಟೀಸು ಮುಟ್ಟಿಸಿದ್ದನ್ನು ಅವನೇ ನೋಡಿ ಮೆಚ್ಚಿ ಬರೆದಿದ್ದ. ಇಲ್ಲಿ ಯಾರನ್ನು ಕೂಗುವುದು? ಮನೆಗೂ ಮನೆಗೂ ನಡುವೆ ಎಷ್ಟು ದೂರ ಎಂಬುದಕ್ಕೆ ಅವನ ಪಟ್ಟಿಯಲ್ಲಿ ಕಾಲಮ್ಮು ಇರಲಿಲ್ಲ. ಇರಲಿ, ದೂರ ಇದೆ ಎಂದರೆ ಹೋದಳು ಎಂದಾಗುವುದಿಲ್ಲ, ದೂರವೇ ಕಳ್ಳತನಕ್ಕೆ ಒಳ್ಳೆಯ ನೆಪ ಎಂದು ತನಗೆ ತಾನೇ ಹೇಳಿಕೊಂಡ. ಶುಕ್ರವಾರ ಎಂಬುದೂ ಅವನ ತಲೆಯಲ್ಲಿ ಕೊರೆಯುತ್ತಿತ್ತು. ಕ್ಯಾಲೆಂಡರಿನಲ್ಲಿ ಶುಕ್ರವಾರಗಳ ಸಾಲು ಕಂಡ ದಿನ, ಶುಕ್ರವಾರ ಇವರಿಗೆ ಬೇರೆ ಕೆಲಸ ಇರುತ್ತದೆ, ಆ ದಿನ ಮನೆಯಲ್ಲಿ ಕೂತು ಪೆಟ್ರೋಲಿನ ಚೀಟಿ ಬರೆದಿದ್ದಾಳೆ ಎಂದು ಮನಸ್ಸು ತಟ್ಟನೆ ಹೇಳಿಬಿಟ್ಟಿತ್ತು. ಅದನ್ನು ಕಾಗದದ ಮೇಲೆ ಬರೆದಿರಲಿಲ್ಲ. ಬರೆಯದಿದ್ದರೂ ಬರೆದ ಪ್ರತಿ ಸಾಲಿನ ಹಿಂದೆ ಅದು ಇತ್ತು. ಹಾಗಾದರೆ ಮಂಗಳವಾರ ಯಾಕೆ ಎಂದು ಮನಸ್ಸನ್ನು ಅವನು ಕೇಳಿರಲಿಲ್ಲ.

ಅವನು ಮೊದಲಿನಿಂದ ಹೀಗಿರಲಿಲ್ಲ ಎಂದು ಹೆಂಡತಿ ಶರ್ವರಿ ಹೇಳುತ್ತಾಳೆ. ಒಂಬತ್ತು ವರ್ಷದ ಹಿಂದೆ ಬೇರೊಂದು ಪಂಚಾಯಿತಿಯಲ್ಲಿ ಬರೆದ ಆಕ್ಷೇಪಣೆಯನ್ನು ಅವನು ಕೈಬಿಟ್ಟಿದ್ದ. ಅಲ್ಲಿಯ ಕಾರ್ಯದರ್ಶಿ ಕೊಟ್ಟ ವಿವರಣೆ ಖರೆಯಾಗಿತ್ತು, ಕೈಬಿಟ್ಟದ್ದು ಅದಕ್ಕೇ. ನಾಲ್ಕು ದಿನಕ್ಕೆ ಗೋಳಗುಮ್ಮಟದ ಹಿಂದಿನ ಅವನ ಮನೆಯ ಬಾಗಿಲಲ್ಲಿ ಯಾರೋ ಒಂದು ಪೆಟ್ಟಿಗೆ ದ್ರಾಕ್ಷಿ ಇಟ್ಟುಹೋದರು. ಯಾರು ಕೊಟ್ಟರು ಎಂದು ತಿಳಿಯುವ ಮೊದಲೇ ಎರಡು ಗೊನೆ ತಿಂದಾಗಿತ್ತು. ತಿಳಿಯುವ ಮೊದಲೇ ಎಂದು ಅವನು ಎಲ್ಲರಿಗೂ ಹೇಳಿದ. ತಿನ್ನುವಾಗ ಅವನಿಗೆ ತಿಳಿದಿತ್ತು. ತಿಳಿದಿತ್ತು ಎಂಬುದನ್ನು ಶರ್ವರಿಗೂ ಹೇಳಿಲ್ಲ. ಕಚೇರಿಯಲ್ಲಿ ಮಾತ್ರ ಒಂದಿಡೀ ಬೇಸಿಗೆ ಅವನು ಒಳಗೆ ಬಂದರೆ ಸಾಕು, ಯಾರಾದರೊಬ್ಬರು ದ್ರಾಕ್ಷಿಯ ರೇಟು ಕೇಳುತ್ತಿದ್ದರು. ಅವತ್ತಿನಿಂದ ಅವನು ಯಾವ ಆಕ್ಷೇಪಣೆಯನ್ನೂ ಕೈಬಿಟ್ಟಿಲ್ಲ. ವಿವರಣೆ ಖರೆಯೆನಿಸಿದಷ್ಟೂ ಅವನಿಗೆ ಭಯ ಹೆಚ್ಚು. ಹೋದ ತಿಂಗಳು ಬಬಲೇಶ್ವರದ ಕಡೆ ಎರಡು ದಿನ ಉಳಿದದ್ದಕ್ಕೆ ಅವನದೇ ಪ್ರಯಾಣ ಭತ್ಯೆಯ ಬಿಲ್ಲನ್ನು ಮೊನ್ನೆಮೊನ್ನೆ ಸೇರಿದ ಕುನಾಲ ಎಂಬ ಹುಡುಗ ಗುಮಾಸ್ತ ವಾಪಸು ಕಳಿಸಿದ್ದ. ಒಂದೇ ದಿನದಲ್ಲಿ ಮುಗಿಯಬಹುದಿತ್ತಲ್ಲವೆ ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಉತ್ತರ ಬರೆಯಲು ಕೂತಾಗ ಎರಡನೆಯ ದಿನ ತಾನು ಅಲ್ಲಿ ಏನು ಮಾಡಿದೆ ಎಂಬುದು ವಿದ್ಯಾಧೀಶನಿಗೇ ಸರಿಯಾಗಿ ನೆನಪಾಗಲಿಲ್ಲ.

ಮೊದಲನೆಯ ವಸ್ತಿ ಬಸಗೊಂಡಪ್ಪನದು. ಗಾಡಿಯ ಸಪ್ಪಳ ಕೇಳಿದ್ದೇ ತಡ ಪಡದೊಳಗಿಂದ ಅವನೂ ಒಳಗಿನಿಂದ ಅವನ ಹೆಂಡತಿಯೂ ಬಂದರು. “ಬಾರವಾ ನಜಮವ್ವಾ, ಎರಡ ವಾರ ಆತಲ್ಲ ಈ ಕಡೆ ಬರಲಾರದ,” ಎಂದ ಬಸಗೊಂಡಪ್ಪ. ವಿದ್ಯಾಧೀಶನ ಕಿವಿ ನಿಮಿರಿತು. ಹೋದ ಶುಕ್ರವಾರ ಈ ವಸ್ತಿಗೆ ಬಂದಿದ್ದಾಳೆಂದು ಚೀಟಿ ಇತ್ತು. “ಎರಡ ವಾರ ಆತೇನು? ಖಾತ್ರಿ ಅದ ಏನು?” ಎಂದು ಕೇಳಿಯೇಬಿಟ್ಟ. ಹೆಂಡತಿ ಗಂಡನ ಕಡೆ ಕಣ್ಣು ಬಿಟ್ಟಳು. “ಹ್ವಾದ ವಾರ ಬಂದಿದ್ಲಲ್ಲ, ನೀ ಎಲ್ಲಿದ್ದಿ ಆವಾಗ? ಶೆಡ್ಡಿನ್ಯಾಗ ಮಣೂಕ ಹರವಾಕತ್ತಿದ್ದಿ. ನಾನೂ ಆಕಿನೂ ಕೂಡೆ ಚಾ ಕುಡದೆವು. ಕುಂಡ್ರ ಯಪ್ಪಾ, ನೀನೂ ಕುಂಡ್ರು,” ಎಂದು ವಿದ್ಯಾಧೀಶನ ಕಡೆ ಹೊರಸು ಎಳೆದಳು. ಇಷ್ಟು ಬೇಗ ಉತ್ತರ ಬಂದದ್ದು ಹೇಗೆ? ನಜಮಾ ಹೇಳಿಕೊಟ್ಟಿದ್ದಾಳೆಯೇ? ಆದರೆ ಹೇಳಿಕೊಟ್ಟಿದ್ದರೆ ಗಂಡನಿಗೂ ಹೇಳಿಕೊಡಬೇಕಿತ್ತಲ್ಲ. ಗಂಡನ ತಪ್ಪು ಮಾತೂ ನಾಟಕದ ಭಾಗವಿದ್ದರೆ? ಹೊರಸಿನ ಮೇಲೆ ಕೂತು ಅವನು ಇಡೀ ಅಂಗಳವನ್ನು ಕಣ್ಣಲ್ಲೇ ಜಾಲಾಡಿದ. ಚಹದ ಬಟ್ಟಲು ಮೊದಲೇ ತೊಳೆದಿಟ್ಟಂತಿತ್ತು. ನಜಮಾ ನೀರು ಕುಡಿದಳು, ಕರು ಹಾಕಿದ ಎಮ್ಮೆಯನ್ನು ವಿಚಾರಿಸಿದಳು, ನಳದ ವಾಲ್ವು ಸೋರುವುದನ್ನು ನೋಡಿ ಬರೆದುಕೊಂಡಳು. ಆಮೇಲೆ ಚೀಲದಿಂದ ಕರದ ನೋಟೀಸು ತೆಗೆದು ಕೊಟ್ಟಳು. ಬಸಗೊಂಡಪ್ಪ ಅದನ್ನು ಓದದೆ, ಮಡಿಚಿ, ಬಾಗಿಲ ಮೇಲಿನ ತೊಲೆಯ ಸಂದಿಗೆ ಸಿಗಿಸಿದ. ಅಲ್ಲಿ ಅಂಥವೇ ನಾಲ್ಕೈದು ಕಾಗದ ಮೊದಲೇ ಇದ್ದವು. ರೊಕ್ಕದ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಇದನ್ನು ವಸೂಲಿ ಎನ್ನುವುದು ಹೇಗೆ ಎಂದುಕೊಳ್ಳುತ್ತ ವಿದ್ಯಾಧೀಶ ಸಿಹಿ ಹೆಚ್ಚಾದ ಚಹವನ್ನು ನುಂಗಿದ.

ಹೊರಟ ಮೇಲೆ ಹಳ್ಳದ ದಂಡೆಯಲ್ಲಿ ಅವನೇ ಗಾಡಿ ನಿಲ್ಲಿಸಲು ಹೇಳಿದ. ಬನ್ನಿಗಿಡದ ನೆರಳು ಇಷ್ಟೇ ಇಷ್ಟಿತ್ತು, ಅವಳು ಅದನ್ನು ಅವನಿಗೆ ಬಿಟ್ಟು ಬಿಸಿಲಲ್ಲಿ ನಿಂತಳು.

“ರೊಕ್ಕಾ ಕೇಳಲೇ ಇಲ್ಲ ನೀವು.”

“ಇವತ್ತ ಶುಕ್ರವಾರ ಅಲ್ಲೇನ್ರಿ? ಯಾರ ಕೊಡ್ತಾರ್ರಿ ಶುಕ್ರವಾರ? ಮಂಗಳವಾರ, ಶುಕ್ರವಾರ ಮನಿ ಲಕ್ಷ್ಮಿ ಹೊರಗ ಹೋಗಬಾರದಂತ. ನಮ್ಮ ಮಂದಿ ವಸ್ತಿಯವ್ರೂ ಕೊಡಂಗಿಲ್ರಿ. ಕೇಳಿದ್ರ ಇದ ಊರಿನ ರೀತಿ ಅಂತಾರ.”

“ಕೊಡದ ದಿನಾನ ಹುಡುಕಿ ಹುಡುಕಿ ಬರೂದ್ಯಾಕ? ಬುಧವಾರ ಬರ್ರಿ, ಗುರುವಾರ ಬರ್ರಿ.”

ನಜಮಾ ಅವನ ಮುಖವನ್ನು ಮೊದಲ ಸಲ ನೇರವಾಗಿ ನೋಡಿದಳು. ಇಷ್ಟು ಸಣ್ಣ ವಿಷಯ ಇವರಿಗೆ ತಿಳಿಯುವುದಿಲ್ಲವೆ ಎಂಬ ಆಶ್ಚರ್ಯ ಅಲ್ಲಿತ್ತು.

“ಬುಧವಾರ ಬಂದ್ರ ಯಾರೂ ಸಿಗಂಗಿಲ್ರಿ ಸಾಹೇಬ್ರ. ನನ್ನ ಗಾಡಿ ಸಪ್ಪಳಾ ಕೇಳಿದ್ರ ಗಂಡಸೂರೆಲ್ಲಾ ಪಡದಾಗ ಹೊಕ್ಕತಾರ. ಹೆಣ್ಮಕ್ಳು ಅವ್ರ ಊರಿಗಿ ಹೋಗ್ಯಾರ ಅಂತಾರ. ಮಂಗಳವಾರ, ಶುಕ್ರವಾರ ಹಂಗಲ್ರಿ. ರೊಕ್ಕಾ ಕೇಳೂದಿಲ್ಲ ಅಂತ ಅವ್ರಿಗೂ ಗೊತ್ತು, ನನಗೂ ಗೊತ್ತು. ಕರದು ಕುಂಡ್ರಸ್ತಾರ, ಚಾ ಕೊಡ್ತಾರ. ಆವಾಗ ನೋಟೀಸ ಕೊಟ್ರ ಮಾರಿ ಮ್ಯಾಲ ಒಲ್ಲೆ ಅನ್ನಾಕ ಬರಂಗಿಲ್ಲ. ನಳಾ ನೋಡಿ ಬರ್ತೀನಿ, ಹೊಸಾ ಖೋಲಿ ಕಟ್ಟ್ಯಾರೋ ಏನ ನೋಡ್ತೀನಿ. ಎಂಟ ದಿನಕ್ಕ ಬಜಾರಕ್ಕ ಬಂದಾಗ ಅವ್ರ ಆಫೀಸಿಗಿ ಬಂದು ಕಟ್ತಾರ. ನಮ್ಮಪ್ಪ ಅಬ್ದುಲಸಮದ ಈ ಕೆಲಸ ಇಪ್ಪತ್ತ ವರ್ಷ ಮಾಡ್ಯಾನ್ರಿ, ಸೈಕಲ್ ಮ್ಯಾಲ. ಅವಾ ಕಲಿಸಿದ್ದು. ರೊಕ್ಕದ ದಿನ ಮಂದಿ ಹತ್ರ ಹೋಗಬ್ಯಾಡ ಬೇಟಿ, ಮಂದಿ ದಿನ ಹೋಗು ಅಂತಿದ್ದ.”

“ಫೋನಿನಾಗ ಕಟ್ಟಬಹುದಲ್ಲ ಈಗ?”

“ಟವರ್ ಎಲ್ಲೈತ್ರಿ ಇಲ್ಲೆ? ನಿಮ್ಮ ಫೋನ ತಗದ ನೋಡ್ರಿ.”

ಅವನು ತೆಗೆದು ನೋಡಿದ. ಒಂದು ಗೆರೆಯೂ ಇರಲಿಲ್ಲ. ಫೋನು ಜೇಬಿಗಿಟ್ಟ. ಶುಕ್ರವಾರದ ಬಗ್ಗೆ ಅವಳು ಹೇಳಿದ ಮಾತು ಹೊಸದೇನೂ ಆಗಿರಲಿಲ್ಲ, ಅವನು ಹುಟ್ಟಿ ಬೆಳೆದ ಮನೆಯ ಮಾತೇ ಅದು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫೀ ಕಟ್ಟಲು ಕೊನೆಯ ದಿನ ಶುಕ್ರವಾರವಾಗಿತ್ತು. ಅವ್ವ ತುಂಗಾಬಾಯಿ ದೇವರ ಕೋಣೆಯ ಹೊಸ್ತಿಲಲ್ಲಿ ಕೂತು, “ನಾಳೆ ಒಯ್ಯಪ್ಪಾ, ಶುಕ್ರವಾರ ದುಡ್ಡು ಮನಿ ದಾಟಬಾರದು,” ಎಂದಿದ್ದಳು. ಅವನು ಅತ್ತು ಕರೆದರೂ ಪೆಟ್ಟಿಗೆಯ ಕೀಲಿ ಕೊಡಲಿಲ್ಲ. ಸಾಲೆಯಲ್ಲಿ ಗುಮಾಸ್ತ ಫೀ ಕಟ್ಟದವರ ಹೆಸರು ಓದಿದಾಗ ಅದರಲ್ಲಿ ಇವನದೊಂದೇ ಇತ್ತು. ಇಡೀ ವರ್ಗ ಹೊರಳಿ ನೋಡಿತ್ತು. ಮನೆಯಲ್ಲಿ ದುಡ್ಡಿದೆ, ಆದರೆ ಶುಕ್ರವಾರ ಎಂದು ಹೇಳಲಾರದೆ ಇಲ್ಲ ಸರ್, ತಂದಿಲ್ಲ ಸರ್ ಎಂದು ತಲೆ ತಗ್ಗಿಸಿದ್ದ. ಆ ಅವಮಾನ ಚೆನ್ನಾಗಿ ನೆನಪಿತ್ತು. ಇಷ್ಟು ವರ್ಷ ನೆನಪಾಗದೆ ಇದ್ದವನು ಹಾಲಿನವನು. ತಿಂಗಳ ಕೊನೆಗೆ ಹಾಲಿನ ದುಡ್ಡಿಗೆಂದು ಬೇರೆ ದಿನ ಬಾಗಿಲಲ್ಲಿ ನಿಂತರೆ ಅವ್ವ ಒಳಗಿನಿಂದಲೇ ಮಡಿಯಲ್ಲಿದ್ದೇನೆ ಎಂದುಬಿಡುತ್ತಿದ್ದಳು. ಅದೇ ಹಾಲಿನವನು ಶುಕ್ರವಾರ ಬಂದರೆ ಕಟ್ಟೆಯ ಮೇಲೆ ಕೂಡಿಸಿ, ಕುಂಕುಮದ ಕೈಯಲ್ಲೇ ಅವಲಕ್ಕಿ ಕೊಟ್ಟು, ಅವನ ಮಗಳ ಮದುವೆಯವರೆಗೆ ವಿಚಾರಿಸುತ್ತಿದ್ದಳು. ಮೂವತ್ತೇಳು ವರ್ಷದ ನಂತರ ಹಳ್ಳದ ದಂಡೆಯಲ್ಲಿ ಆ ಹಾಲಿನವನು ಇಡಿಯಾಗಿ ಕಣ್ಣ ಮುಂದೆ ಬಂದು ಕೂತ. ಕ್ಯಾಲೆಂಡರು ಹಿಡಿದು ಮಂಗಳವಾರ, ಶುಕ್ರವಾರ ಎಂದು ಗುರುತು ಹಾಕುವಾಗ ಅವನಿಗೆ ಅದು ಅವ್ವನ ವಾರ ಎಂದು ಯಾಕೆ ಹೊಳೆಯಲಿಲ್ಲ? ಕಚೇರಿಯ ಕನ್ನಡಕ ಹಾಕಿಕೊಂಡರೆ ಮನೆಯದು ಏನೂ ಕಾಣುವುದಿಲ್ಲ. ಅವನಿಗೆ ಅವಳ ಮುಂದೆ ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. ಅದರ ಬೆನ್ನಿಗೇ, ನಾಚಿಕೆಯಾಗಲಿ ಎಂದೇ ಇವಳು ಇಲ್ಲಿಗೆ ಕರೆದುಕೊಂಡು ಬಂದಳೇನೋ ಎಂದೂ ಅನಿಸಿತು.

“ಇದನ್ನೆಲ್ಲಾ ಉತ್ತರದಾಗ ಬರದು ಕೊಡ್ರಿ,” ಎಂದ.

“ಬರದು ಕೊಟ್ಟೀನ್ರಿ. ಪುರಾವೆ ಲಗತ್ತಿಸಿಲ್ಲ ಅಂತ ನೀವ ವಾಪಸ ಕಳಿಸೀರಿ.”

ಹೌದು, ಅವನೇ ಕಳಿಸಿದ್ದ. ಓದಿಯೂ ಇರಲಿಲ್ಲ, ಕೊನೆಯ ಪುಟಕ್ಕೆ ಹೋಗಿ ಲಗತ್ತುಗಳನ್ನಷ್ಟೇ ನೋಡಿದ್ದ. ಪುರಾವೆ ಬೇಕೆಂದರೆ ಪುರಾವೆ ತೆಗೆದುಕೊಳ್ಳೋಣ, ಅದರಲ್ಲೇನಿದೆ, ಎಂದು ಅವನಿಗೆ ಒಮ್ಮೆಲೇ ಹುರುಪು ಬಂತು. ಮುಂದಿನ ಎರಡು ವಸ್ತಿಯ ಇಬ್ಬರು ಒಂದೊಂದು ಸಾಲು ಬರೆದು ಸಹಿ ಮಾಡಿದರೆ ಮುಗಿಯಿತು. ಆಕ್ಷೇಪಣೆಯನ್ನು ಕೈಬಿಟ್ಟರೆ ಕೇಳಿದವರ ಮುಂದೆ ಹಿಡಿಯಲು ಕಾಗದ ಇರುತ್ತದೆ. ಅವಳ ನೌಕರಿ ಉಳಿಯುತ್ತದೆ, ಅವನ ಹೆಸರೂ ಉಳಿಯುತ್ತದೆ. ಎರಡನೆಯದು ಮೊದಲು ನೆನಪಾದದ್ದನ್ನು ಅವನು ಗಮನಿಸಿದ, ಗಮನಿಸಿ ಗಾಡಿ ಹತ್ತಿದ.

ಎರಡನೆಯ ವಸ್ತಿಯಲ್ಲಿ ಅಮಸಿದ್ದ ಕುರಿಗಳಿಗೆ ನೀರು ಕುಡಿಸುತ್ತಿದ್ದ. ಇಲ್ಲಿಯೂ ಅದೇ ಕರೆ, ಅದೇ ಹೊರಸು, ಅದೇ ಚಹ. ನೋಟೀಸನ್ನು ಅಮಸಿದ್ದ ತಲೆಯ ಪಟಕಾದ ಸುತ್ತಿನಲ್ಲಿ ಸಿಗಿಸಿಕೊಂಡ. ವಿದ್ಯಾಧೀಶ ಮೆಲ್ಲಗೆ ಮಾತು ತೆಗೆದ.

“ಈಕಿ ಮಂಗಳವಾರ, ಶುಕ್ರವಾರ ಬರ್ತಾಳೇನು?”

“ಬರ್ತಾಳ್ರಿ. ಮಳಿ ಇದ್ರೂ ಬರ್ತಾಳ. ಮ್ಯಾಲಿನ ದಾರಿ ಕೆಸರಾದ್ರ ಗಾಡಿ ಅಲ್ಲೇ ಬಿಟ್ಟ ನಡಕೋತ ಬರ್ತಾಳ.”

“ಹಂಗಂತ ಇಲ್ಲೆ ಒಂದ ಸಾಲ ಬರೀತೀನಿ. ನೀವು ಸಹಿ ಮಾಡ್ರಿ.”

ಅಮಸಿದ್ದನ ಮುಖದ ನಗು ಅಲ್ಲೇ ನಿಂತಿತು. ಅವನು ಕೊಡವನ್ನು ಕೆಳಗಿಟ್ಟ.

“ಸಹಿ ಯಾಕ್ರಿ? ಬಾಯಿಲೆ ಹೇಳ್ತೀನ್ರಿ. ಯಾರ ಮುಂದ ಹೇಳಂತೀರಿ ಹೇಳ್ರಿ, ಬಂದ ಹೇಳ್ತೀನಿ. ಸಹಿ ಅಂದ್ರ ಬ್ಯಾರೆ ಮಾತು. ಆಕಿ ಬಂದಾಳ ಅಂತ ಸಹಿ ಮಾಡಿದ್ರ ನೋಟೀಸ ಮುಟ್ಟೇತಿ ಅಂತ ಆತು. ಮುಟ್ಟೇತಿ ಅಂದ್ರ ನಾಳೆ ಬಡ್ಡಿ ಹಾಕ್ತಾರ, ದಂಡಾ ಹಾಕ್ತಾರ. ಈಗ ಹೆಂಗೈತಿ, ಕೈಯಾಗ ಬಂದಾಗ ಕಟ್ತೀವಿ. ಕಟ್ಟಂಗಿಲ್ಲ ಅಂದಿಲ್ಲ ನಾವು.”

“ಸಹಿ ಮಾಡಲಿಲ್ಲಂದ್ರ ಈಕಿ ನೌಕ್ರಿ ಹೋಗ್ತದ್ರಿ,” ಎಂದ ವಿದ್ಯಾಧೀಶ. ಧ್ವನಿ ಅವನು ಎಣಿಸಿದ್ದಕ್ಕಿಂತ ಮೇಲೆ ಹೋಗಿತ್ತು.

ಅಮಸಿದ್ದ ನಜಮಾಳನ್ನು ನೋಡಿದ, ನೆಲ ನೋಡಿದ, ಕುರಿಗಳನ್ನು ನೋಡಿದ. ಒಳಗಿನಿಂದ ಅವನ ಹೆಂಡತಿ ಬಂದು ಚೌಕಟ್ಟು ಹಿಡಿದು ನಿಂತಳು. ಅಮಸಿದ್ದ, “ತಂಗೆವ್ವಾ, ಬ್ಯಾರೆ ಏನರ ಕೇಳು,” ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

“ಇರಲಿ ಬಿಡಣ್ಣಾ,” ಎಂದಳು ನಜಮಾ. ಬಟ್ಟಲು ತೊಳೆದು ಬೋರಲು ಹಾಕಿದಳು.

ಮೂರನೆಯ ವಸ್ತಿಯಲ್ಲಿ ರಿಜ್ವಾನ ಎಂಬವನು ಹೆಬ್ಬೆಟ್ಟು ತೋರಿಸಿ, ಓದಾಕ ಬರಂಗಿಲ್ಲ ಎಂದ. ಕಟ್ಟೆಯ ಮೇಲೆ ಅವನು ಆಗಷ್ಟೇ ಓದುತ್ತಿದ್ದ ಪೇಪರು ಗಾಳಿಗೆ ಪಟಪಟ ಅನ್ನುತ್ತಿತ್ತು. ವಾಪಸು ಬರುವಾಗ ವಿದ್ಯಾಧೀಶನಿಗೆ ಮೈಯೆಲ್ಲ ಉರಿಯುತ್ತಿತ್ತು. ಎಂಥ ಜನ! ಹನ್ನೊಂದು ವರ್ಷ ಮಳೆಯಲ್ಲಿ, ಬಿಸಿಲಲ್ಲಿ ಮನೆಗೆ ಬಂದವಳಿಗಾಗಿ ಒಂದು ಸಹಿ ಹಾಕಲು ಎದೆ ಇಲ್ಲ. ಬಡ್ಡಿ ಎಷ್ಟು ಬಂದೀತು, ಐವತ್ತು? ನೂರು? ಚಹಕ್ಕೆ ಕಡಿಮೆ ಇಲ್ಲ, ತಂಗೆವ್ವ ಅನ್ನುವುದಕ್ಕೆ ಕಡಿಮೆ ಇಲ್ಲ. ಅವಳ ಬೆನ್ನಿಗೆ ಇದನ್ನೆಲ್ಲ ಜೋರಾಗಿ ಹೇಳಬೇಕೆನಿಸಿತು, ಗಾಳಿಯ ಸದ್ದಿನಲ್ಲಿ ಅರ್ಧ ಹೇಳಿಯೂ ಹೇಳಿದ. ಅವಳು ಹೊರಳದೆ, “ಅವ್ರದೂ ಅವ್ರಿಗೆ ಐತ್ರಿ,” ಎಂದಳು. ಆ ಸಮಾಧಾನವೂ ಅವನಿಗೆ ಸಹಿಸಲಾಗಲಿಲ್ಲ. ಇವಳಿಗೆ ಸಿಟ್ಟೇ ಬರುವುದಿಲ್ಲವೇ, ಇಲ್ಲ ಸಿಟ್ಟು ಬರಲು ಇಲ್ಲಿ ಏನೂ ಆಗಿಯೇ ಇಲ್ಲವೆ, ಇಬ್ಬರಿಗೂ ಸಹಿ ಮಾಡಬೇಡಿ ಎಂದು ಇವಳೇ ಹೇಳಿದ್ದರೆ ಎಂಬಲ್ಲಿಗೆ ಮನಸ್ಸು ಓಡಿತು. ಅದರಿಂದ ಅವಳಿಗೇನು ಲಾಭ ಎಂದು ಹುಡುಕಿದ, ಏನೂ ಸಿಗಲಿಲ್ಲ. ಸಿಗಲಿಲ್ಲವೆಂದು ಹುಡುಕುವುದು ನಿಲ್ಲಲಿಲ್ಲ.

ಟಿಕೋಟಾಕ್ಕೆ ಬಂದಾಗ ಮೀಟರು ಇಪ್ಪತ್ತೆಂಟು ಕಿಲೋಮೀಟರು ಮುಂದೆ ಹೋಗಿತ್ತು. ಚೀಟಿಗಳಲ್ಲಿ ಅವಳು ಬರೆಯುತ್ತಿದ್ದದ್ದೂ ಇಪ್ಪತ್ತೆಂಟೇ. ವಿಜಯಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ನಜಮಾ ಗಾಡಿಯ ಸೀಟು ಎತ್ತಿ ಒಳಗಿನಿಂದ ಉದ್ದನೆಯ ಪುಸ್ತಕ ತೆಗೆದಳು, ಅದನ್ನು ಸೀಟಿನ ಮೇಲಿಟ್ಟು ಇವತ್ತಿನ ತಾರೀಖು ಬರೆದಳು. ಮೂರು ವಸ್ತಿಯ ಹೆಸರು, ಕಿಲೋಮೀಟರು, ವಸೂಲಿ ಸೊನ್ನೆ. ಕೊನೆಯಲ್ಲಿ ಸಾಕ್ಷಿಯ ಸಹಿ ಎಂದು ಒಂದು ಕಾಲಮ್ಮಿತ್ತು, ತಪಾಸಣೆ ಶುರುವಾದ ಮೇಲೆ ಪಂಚಾಯಿತಿಯ ಅಧಿಕಾರಿ ಹೊಸದಾಗಿ ಹಾಕಿಸಿದ್ದು. ಮೇಲಿನಿಂದ ಕೆಳಗಿನವರೆಗೆ ಅದು ಖಾಲಿ ಇತ್ತು. ಅವಳು ಪೆನ್ನನ್ನು ತಿರುಗಿಸಿ ಅವನ ಕಡೆ ಹಿಡಿದಳು.

“ನೀವು ಬಂದಿದ್ರಲ್ಲಾ ಸಾಹೇಬ್ರ. ಇಲ್ಲೊಂದ ಸಹಿ ಮಾಡ್ರಿ. ಇದೊಂದ ಶುಕ್ರವಾರ ಆದ್ರೂ ಖರೇ ಆಗಲಿ. ಒಂದ ಖರೇ ಅಂತ ಆದ್ರ ಉಳದಾವೂ ಖರೇ ಅಂತಾರ.”

ಪೆನ್ನು ಅವನ ಕೈಗೆ ಬಂತು. ಖಾಲಿ ಜಾಗ ಒಂದೂವರೆ ಇಂಚು ಅಗಲವಿತ್ತು. ಅವನು ಬಂದಿದ್ದ, ಕೂತಿದ್ದ, ನೋಡಿದ್ದ. ಬರೆಯುವುದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಪುಸ್ತಕ ಹೇಗೂ ಕಚೇರಿಗೆ ಬರುತ್ತದೆ, ಕುನಾಲ ನೋಡುತ್ತಾನೆ, ನೋಡಿ ಎಲ್ಲರಿಗೂ ತೋರಿಸುತ್ತಾನೆ. ಅವಳ ಗಾಡಿಯ ಮೇಲೆ ಊರೂರು ತಿರುಗಿ, ಅವಳು ತೋರಿಸಿದ ಮನೆಗಳಲ್ಲಿ ಚಹ ಕುಡಿದು, ಅವಳದೇ ಪುಸ್ತಕದಲ್ಲಿ ಸಹಿ ಮಾಡಿ ಬಂದನಂತೆ. ನಿವೃತ್ತಿಗೆ ಇನ್ನು ಏಳು ವರ್ಷ. ಏಳು ಬೇಸಿಗೆ ದ್ರಾಕ್ಷಿಯ ರೇಟು.

“ನಾ ತಪಾಸಣಾ ಮಾಡಾಂವ ನೋಡ್ರಿ. ಸಾಕ್ಷಿ ಆಗ್ಲಿಕ್ಕೆ ಬರೂದಿಲ್ಲ,” ಎಂದ. ಅಷ್ಟಕ್ಕೆ ಸುಮ್ಮನಿರಬೇಕಿತ್ತು, ಇರಲಾಗಲಿಲ್ಲ. “ಬಾಯಿಲೆ ಯಾರ ಮುಂದ ಬೇಕಾದ್ರೂ ಹೇಳ್ತೀನಿ, ನೀವು ಹೋಗಿದ್ರಿ ಅಂತ. ಸಹಿ ಮಾತ್ರ ಕೇಳಬ್ಯಾಡ್ರಿ.”

ಮಾತು ಹೊರಬಿದ್ದ ಮೇಲೆ ಅದು ಯಾರ ಮಾತೆಂದು ಅವನಿಗೆ ಗೊತ್ತಾಯಿತು. ಅವಳಿಗೂ ಗೊತ್ತಾಗಿರಬೇಕು. ಅವಳು ಪೆನ್ನು ಈಸಿಕೊಂಡು ಆ ಕಾಲಮ್ಮಿನಲ್ಲಿ ಅಡ್ಡಗೆರೆ ಎಳೆದಳು. ಪುಸ್ತಕ ಮುಚ್ಚಿ ಸೀಟಿನೊಳಗಿಟ್ಟಳು.

“ಹಂಗಾದ್ರ ಇವತ್ತಿಂದೂ ಸೇರಿಸ್ರಿ ಸಾಹೇಬ್ರ. ಇವತ್ತಿನ ತನಕ ಅಂತ ಬರದೀರಿ ನೀವು. ವಸೂಲಿ ಸೊನ್ನಿ, ಸಾಕ್ಷಿ ಇಲ್ಲ. ಇನ್ನೂರಾ ನಲವತ್ತೇಳ ಆತು.” ಅವಳ ದನಿಯಲ್ಲಿ ಚುಚ್ಚು ಇದೆಯೇ ಎಂದು ಅವನು ಹುಡುಕಿದ. ಇರಲಿಲ್ಲ, ಲೆಕ್ಕ ಸರಿ ಇರಬೇಕೆಂಬುದಷ್ಟೇ ಇತ್ತು. “ಬಸ್ ಬಂತ ನೋಡ್ರಿ, ಮುಂದಿನ ಬಾಗಲ್ದಾಗ ಹತ್ರಿ, ಜಾಗಾ ಸಿಗತೈತಿ.”

ಜಾಗ ಸಿಕ್ಕಿತು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ನೋಡಿದರೆ ಅವಳು ಗಾಡಿಯನ್ನು ತಿರುಗಿಸಿಕೊಂಡು ಹೋಗಿಯಾಗಿತ್ತು. ವಿದ್ಯಾಧೀಶ ಚೀಲದಿಂದ ಕಡತ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹರಿದುಹಾಕಬಹುದಿತ್ತು. ಕೆಳಗೆ ಎರಡು ಸಾಲು ಸೇರಿಸಿ, ನಾನು ಖುದ್ದು ಹೋಗಿ ನೋಡಿದ್ದೇನೆ, ವಿವರಣೆ ಸತ್ಯ ಎಂದು ಬರೆಯಬಹುದಿತ್ತು. ಆ ಎರಡು ಸಾಲು ಅವನ ತಲೆಯಲ್ಲಿ ಅಚ್ಚುಕಟ್ಟಾಗಿ, ಕಚೇರಿಯ ಭಾಷೆಯಲ್ಲಿಯೇ ಸಿದ್ಧವಾಗಿದ್ದವು. ಅಳು ಬರುವ ಹಾಗಿತ್ತು, ಪಕ್ಕದಲ್ಲಿ ಜನರಿದ್ದರು. ಆಕ್ಷೇಪಣೆ ಎಂದರೆ ಶಿಕ್ಷೆಯಲ್ಲ, ಅವಳು ಮೇಲ್ಮನವಿ ಹಾಕಬಹುದು, ಮುಂದಿನವರು ನ್ಯಾಯವಾಗಿ ನೋಡುತ್ತಾರೆ ಎಂದು ಹೇಳಿಕೊಂಡ. ಮುಂದಿನವರು ಹೇಗೆ ನೋಡುತ್ತಾರೆಂಬುದು ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬಸ್ಸು ಎಲ್ಲೋ ನಿಂತು ಜನ ಇಳಿಯುತ್ತಿದ್ದಾಗ, ಕೈ ಅಲುಗದಿರುವಾಗಲೇ ಮುಗಿಸಿಬಿಡಬೇಕೆಂದು ಪೆನ್ನು ತೆಗೆದ. ಇನ್ನೂರಾ ನಲವತ್ತಾರನ್ನು ಹೊಡೆದು ಇನ್ನೂರಾ ನಲವತ್ತೇಳು ಎಂದು ಬರೆದ. ಹತ್ತೊಂಬತ್ತು ಸಾವಿರದ ಆರುನೂರಾ ಎಂಬತ್ತು ಹತ್ತೊಂಬತ್ತು ಸಾವಿರದ ಏಳುನೂರಾ ಅರವತ್ತಾಯಿತು. ತಿದ್ದಿದ ಕಡೆಯಲ್ಲೆಲ್ಲ ತಿದ್ದಿದವನ ಸಹಿ ಇರಬೇಕೆಂಬುದು ನಿಯಮ. ಎರಡೂ ಕಡೆ ಸಹಿ ಮಾಡಿದ.